ಸಾಕ್ಷ್ಯ ಕಾನೂನು, ಕೊನೆಯ ಪೇಪರ್

ಮಾರ್ಚ್ ೧೧, ಸೋಮವಾರ

ಅಕ್ಕಾ,

ನಿನ್ನ ನಂಬರ್ ಕೊಡಲು ನಿನ್ನ ಗೆಳತಿ ಒಪ್ಪಲಿಲ್ಲ. ಕಾಡಿ ಬೇಡಿದ ಮೇಲೆ ವಿಳಾಸ ಕೊಟ್ಟಳು. ಅವಳ ಮೇಲೆ ಸಿಟ್ಟಾಗಬೇಡ.

ಅಪ್ಪನ ಶ್ವಾಸಕೋಶ ಕೈಕೊಟ್ಟಿದೆ. ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, ಹೇಳಬೇಕಾದವರಿಗೆಲ್ಲ ಹೇಳಿಬಿಡಿ ಎಂದರು. ನಿನ್ನನ್ನು ಬಿಟ್ಟರೆ ಹೇಳಲು ನನಗೆ ಯಾರಿದ್ದಾರೆ?

ಗುರುವಾರ ನನ್ನ ಸಾಕ್ಷ್ಯ ಕಾನೂನಿನ ಪರೀಕ್ಷೆ. ನಾನು ಡುಮ್ಕಿ ಹೊಡೆದ ವಿಷಯ ಅದೊಂದೇ. ಈ ಸಲವೂ ಹೋದರೆ ಕಾಲೇಜಿನವರು ಮತ್ತೆ ಕೂರಿಸುವುದಿಲ್ಲ. ಅರ್ಧ ಪುಸ್ತಕ ಹಾಗೇ ಉಳಿದಿದೆ. ಪರೀಕ್ಷೆಯೇ ಬೇಡ ಎಂದಾಗ ಅಪ್ಪ ಮುಖದ ಮಾಸ್ಕ್ ಸರಿಸಿ ಗದರಿದರು: "ಅಷ್ಟು ವರ್ಷ ಬಸ್ ಓಡಿಸಿದೀನಿ, ಸ್ಟಾಪ್ ಬರೋಕ್ ಮುಂಚೆ ಯಾರನ್ನೂ ಇಳಿಸಿಲ್ಲ. ಗಟ್ಟಿಯಾಗಿ ಓದು, ನಾನೂ ಕೇಳ್ತೀನಿ."

ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಓದುತ್ತೇನೆ. ಗ್ಲೂಕೋಸ್ ಬಾಟಲಿ ಖಾಲಿಯಾದರೆ ನರ್ಸನ್ನು ಕರೆದು, ಮತ್ತೆ ಓದುತ್ತೇನೆ. ಇವತ್ತು ಬಂದದ್ದು ಮರಣಪೂರ್ವ ಹೇಳಿಕೆಯ ಅಧ್ಯಾಯ. ಪುಟ ಹಾರಿಸಲು ನೋಡಿದೆ. ಅಪ್ಪ ಕಳ್ಳನನ್ನು ಹಿಡಿದವರಂತೆ ನಕ್ಕರು. "ಅದನ್ನೇ ಓದು. ಸಾಯೋನು ಹೇಳಿದ್ದೆಲ್ಲ ಸಾಕ್ಷಿ ಆಗತ್ತಾ?"

"ಎಲ್ಲಾ ಅಲ್ಲಪ್ಪ. ಯಾತರಿಂದ ಸಾಯ್ತಿದೀನಿ ಅನ್ನೋದು ಮಾತ್ರ" ಎಂದೆ.

ಮಾಸ್ಕ್ ಏರಿಸಿಕೊಂಡು ಎರಡು ಉಸಿರು ಎಳೆದುಕೊಂಡರು. ಆಮೇಲೆ, "ಹಾಗಾದ್ರೆ ಸಿಗರೇಟಿಂದ ಅಂತ ಬರ್ಕೋ. ದೊಡ್ಡವಳಿಂದ ಅಲ್ಲ. ಅವಳು ಹೋದ್ಮೇಲೆ ಕೊರಗಿದ್ದು ನಿಜ. ಆದ್ರೆ ಅವಳ ಮದುವೆಗೆ ಹೋಗ್ದೇ ಇದ್ದಿದ್ದು ನನ್ನ ಹಟ, ಅವಳದ್ದಲ್ಲ" ಎಂದರು. ಕೆಮ್ಮು ಬಂತು. ಬೆನ್ನು ನೀವಿದೆ. ಆ ಬೆನ್ನು ಈಗ ಮಗುವಿನದರಷ್ಟೇ ಇದೆ, ಅಕ್ಕಾ.

ಬರಲೇಬೇಕು ಎಂದು ನಾನು ಹೇಳುವುದಿಲ್ಲ. ಗುರುವಾರ ನಾನು ಪರೀಕ್ಷೆಗೆ ಹೋದಾಗ ಅವರ ಬಳಿ ಕೂರಲು ಯಾರೂ ಇಲ್ಲ ಎಂದಷ್ಟೇ ತಿಳಿಸುತ್ತಿದ್ದೇನೆ.

ಇಂತಿ,
ನೀನು ಸೊಂಟದ ಮೇಲೆ ಹೊತ್ತು ತಿರುಗಿದ ತಂಗಿ

ತಾ.ಕ. ಬುಧವಾರ. ಕಾಗದವನ್ನು ಅಂಚೆಗೆ ಹಾಕಲು ಆಗಲೇ ಇಲ್ಲ, ಅಪ್ಪನ ಉಸಿರು ಅಷ್ಟು ಬಿಗಡಾಯಿಸಿತು. ನಿನ್ನೆ ರಾತ್ರಿ ಅವರಿಗೆ, ಅಕ್ಕ ಹೊರಟಿದ್ದಾಳೆ, ಬಸ್ಸಿನಲ್ಲಿದ್ದಾಳೆ ಎಂದು ಹೇಳಿಬಿಟ್ಟೆ. "ಕಿಟಕಿ ಸೀಟ್ ಸಿಕ್ತಂತಾ? ಅವಳಿಗೆ ವಾಂತಿ ಬರತ್ತೆ" ಎಂದರು. ಸಿಕ್ಕಿದೆ ಎಂದೆ. ಇಂದು ಬೆಳಿಗ್ಗೆ ಹೋದರು. ನಾಳೆ ಪರೀಕ್ಷೆ ಬರೆಯುತ್ತೇನೆ, ಮಾತು ಕೊಟ್ಟಿದ್ದೇನೆ. ಇದನ್ನು ನಿನ್ನ ಗೆಳತಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಬಾ ಅಕ್ಕಾ. ಅಪ್ಪನಿಗೆ ನಾನು ಹೇಳಿದ್ದು ಸುಳ್ಳಾಗುವುದು ಬೇಡ.