ನೀನು ಕೇಳಿದ ಡ್ರಾ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಗುಮ್ಮಿಗೆ,

‘ಪ್ರೀತಿಯ’ ಎಂದು ಅಭ್ಯಾಸಬಲದಿಂದ ಬರೆದೆ. ನಿನ್ನ ಮೇಲೆ ನನಗೆ ಕೆಂಡದಂಥ ಕೋಪವಿದೆ.

ನಿನ್ನೆಯ ನಮ್ಮ ರ‍್ಯಾಪಿಡ್ ಚದುರಂಗದ ಬಗ್ಗೆ ಪತ್ರಿಕೆಯವರು ಬರೆದದ್ದು ನೋಡಿದೆಯಾ? ದೇಶದ ಮೊದಲೆರಡು ಆಟಗಾರ್ತಿಯರು ಸಮಬಲದಿಂದ ಕಾದಾಡಿದರಂತೆ. ಸಮಬಲವಂತೆ, ಮಣ್ಣಂತೆ! ಎಡತುದಿಯ ನನ್ನ ಆನೆ ಕಾವಲಿಲ್ಲದೆ ನಿನ್ನ ರಾಣಿಯ ಬಾಯಿಗೆ ಬಿದ್ದಿತ್ತು. ನನಗದು ಕಾಣಲಿಲ್ಲ. ತಲೆಯೊಳಗಿನ ಗಡ್ಡೆ ನರವನ್ನು ಒತ್ತಿ, ಎರಡು ಕಣ್ಣಿಗೂ ಎಡಭಾಗ ಮಸುಕಾಗಿದೆಯೆಂದು ನಿನಗೊಬ್ಬಳಿಗೇ ಹೇಳಿದ್ದೆ. ಯಾಕಾದರೂ ಹೇಳಿದೆನೋ.

ನಿನಗೆ ಆನೆ ಕಂಡಿತು. ನಿನ್ನ ಕೈ ರಾಣಿಯವರೆಗೆ ಬಂದು ನಿಂತಿತು. ನನ್ನ ಮುಖ ನೋಡಿದೆ. ಆಮೇಲೆ ಯಾವುದೋ ಕಾಲಾಳನ್ನು ತಳ್ಳಿ, ಡ್ರಾ ಮಾಡ್ಕೊಳ್ಳೋಣ್ವಾ ಅಂದೆ. ಗಡಿಯಾರದಲ್ಲಿ ನನಗೆ ಅರೆ ನಿಮಿಷವೂ ಉಳಿದಿರಲಿಲ್ಲ, ತಲೆ ಸಿಡಿಯುತ್ತಿತ್ತು. ಒಪ್ಪಿ ಕೈಕುಲುಕಿದೆ. ಮನೆಗೆ ಬಂದು ನಡೆಗಳನ್ನು ಒಂದೊಂದಾಗಿ ಹಾಕಿ ನೋಡಿದಾಗ ನಿನ್ನ ಕನಿಕರ ಗೊತ್ತಾಯಿತು.

ಒಂದೇ ಮೇಷ್ಟ್ರ ಬಳಿ ಕಲಿಯುವಾಗ ಆಡಿಕೊಂಡ ಮಾತು ಮರೆತೆಯಾ? ಯಾರ ಜೊತೆಗಾದರೂ ಡ್ರಾ ಕೇಳಬಹುದು, ನಮ್ಮಿಬ್ಬರ ನಡುವೆ ಮಾತ್ರ ಇಲ್ಲ. ಬರೀ ರಾಜರು ಉಳಿಯುವವರೆಗೂ ಆಡಿಯೇ ತೀರಬೇಕು. ನಿನಗೆ ಜ್ವರ ಬಂದಿದ್ದಾಗಲೂ ನಾನು ಬಿಡದೆ ಸೋಲಿಸಿದ್ದೇನೆ. ನನ್ನ ಗಂಡ ಬಿಟ್ಟುಹೋದ ವಾರವೇ ನೀನು ನನಗೆ ಮಣ್ಣುಮುಕ್ಕಿಸಿದೆ. ಅವತ್ತು ಎಷ್ಟು ಹಗುರಾಗಿ ಮನೆಗೆ ಬಂದೆ ಗೊತ್ತಾ? ಊರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದಾಗ ನೀನೊಬ್ಬಳು ನನ್ನನ್ನು ಎದುರಾಳಿಯ ಹಾಗೆ ನೋಡಿದ್ದೆ. ಈಗ ನೀನೂ ಆ ಊರಿನವರ ಜೊತೆ ಸೇರಿಕೊಂಡೆ. ಸೋತಿದ್ದರೆ ಇಷ್ಟು ದುಃಖವಾಗುತ್ತಿರಲಿಲ್ಲ ಕಣೇ. ನನ್ನನ್ನು ಆಗಲೇ ಸ್ಮಶಾನಕ್ಕೆ ಹೊತ್ತು ಹಾಕಿದ ಹಾಗಾಯಿತು.

ಮುಂದಿನ ವಾರ ಆಪರೇಷನ್. ಹೆದರಬೇಡ, ನನ್ನ ಬುರುಡೆ ಗಟ್ಟಿಯೆಂದು ಮೇಷ್ಟ್ರೇ ಬೈಯುತ್ತಿದ್ದರಲ್ಲ. ಎದ್ದು ಬಂದಮೇಲೆ ನಿನ್ನನ್ನು ಚೆನ್ನಾಗಿ ವಿಚಾರಿಸಿಕೊಳ್ಳುತ್ತೇನೆ.

ಕೋಪ ಆರದ
ನಿನ್ನ ಸಿಡುಕಿ

ತಾ.ಕ.: ಮೇಲೆ ಬರೆದದ್ದು ಸುಳ್ಳು, ಆಪರೇಷನ್ ಇಲ್ಲ. ಗಡ್ಡೆ ಕೈ ಹಾಕಲಾಗದ ಜಾಗದಲ್ಲಿದೆಯಂತೆ, ಇವತ್ತು ಬೆಳಿಗ್ಗೆ ಹೇಳಿದರು. ಊಟದ ಮೇಜಿನ ಮೇಲೆ ಆ ಆಟವನ್ನು ಹಾಗೇ ಹೂಡಿಟ್ಟಿದ್ದೇನೆ, ನೀನು ಕಾಲಾಳು ತಳ್ಳುವ ಮುಂಚೆ ಹೇಗಿತ್ತೋ ಹಾಗೆ. ನಡೆ ನಿನ್ನದು. ಬೇಗ ಬಾ. ಆ ಆನೆಯನ್ನು ಹೊಡೆ.