ನಲವತ್ತೇಳನೇ ಹಾಳೆ

ಬಸವಕಲ್ಯಾಣ
22 ಏಪ್ರಿಲ್ 2025

ಅಣ್ಣ ರತ್ನದೀಪನಿಗೆ ಆಮ್ರಪಾಲಿಯ ಜೈಭೀಮ್.

ನಿನ್ನ ಮೂರು ಫೋನು ಎತ್ತಲಿಲ್ಲ, ತಪ್ಪಾಯಿತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಕಾಗದವಾದರೆ ಕೊನೆಯವರೆಗೆ ಕೇಳಲೇಬೇಕು. ಅದಕ್ಕೇ ಕಲಬುರಗಿಯ ನಿನ್ನ ಪೊಲೀಸ್ ಕ್ವಾರ್ಟರ್ಸಿಗೆ ಇದನ್ನು ರಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಅವ್ವ ಗಟ್ಟಿಯಾಗಿದ್ದಾಳೆ. ಮೊಣಕಾಲು ನೋವು ಅನ್ನುತ್ತಲೇ ಓಣಿಯವರ ಸಂಡಿಗೆಗೆಲ್ಲ ಕೈ ಹಾಕುತ್ತಾಳೆ. ಜಯಂತಿಗೆ ನೀನು ಬರಲಿಲ್ಲ, ಡ್ಯೂಟಿ ಅಂದೆ. ಈ ಸಲ ಮೆರವಣಿಗೆಯನ್ನು ಯಾರೂ ತಡೆಯಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಬಾಬಾಸಾಹೇಬರ ಫೋಟೋ ಹಿಡಿದು ಮುಂದೆ ನಡೆದ ತಪ್ಪಿಗೆ ಅಪ್ಪನ ಕಾಲು ಮುರಿದರಲ್ಲ, ಆ ಜಾಗಕ್ಕೆ ಈಗ ಸಿಮೆಂಟ್ ಹಾಕಿದ್ದಾರೆ.

ನನ್ನ ಪಿಎಚ್.ಡಿ. ಏನು ಎಂದು ಕೇಳುತ್ತಿದ್ದೆ. ಅಪರಾಧಶಾಸ್ತ್ರ. ಪೊಲೀಸರ ಮೇಲೆ, ನ್ಯಾಯದ ಮೇಲೆ ಜನರಿಗೆ ಎಷ್ಟು ನಂಬಿಕೆ ಉಳಿದಿದೆ ಎಂದು ಬಸವಕಲ್ಯಾಣ, ಹುಮನಾಬಾದಿನಲ್ಲಿ ಹತ್ತು ಮನೆಗೊಂದು ಮನೆಯಂತೆ ಕೇಳುತ್ತ ಹೋಗುವುದು. ಒಬ್ಬರಿಗೊಂದು ಹಾಳೆ. ಹಾಳೆಗೆ ನಂಬರು ಮಾತ್ರ, ಹೆಸರಿಲ್ಲ. ತರಕಾರಿ ಮಾರುವ ಒಬ್ಬಾಕೆ ಎಲ್ಲದಕ್ಕೂ ‘ಪೂರ್ತಿ ನಂಬಿಕಿ’ ಅಂದಳು. ನಾನು ಪೆನ್ನು ಮುಚ್ಚಿದ ಮೇಲೆ ಬಾಗಿಲವರೆಗೆ ಬಂದು, ‘ಬರ್ಕೊಂಡಿ ಅಲ್ಲ? ಈಗ ಖರೇ ಹೇಳ್ಲೇನು?’ ಎಂದಳು.

ಠಾಣೆ ಹತ್ತಿದವರನ್ನು ನಿಮ್ಮ ಪ್ರಕರಣ ಏನಾಯಿತು ಎಂದು ಕೇಳಿದರೆ ಬಹಳ ಮಂದಿ ‘ರಾಜಿ ಆಯ್ತು’ ಅನ್ನುತ್ತಾರೆ. ಅದನ್ನು ‘ಸಮಾಧಾನಕರ’ ಎಂಬ ಕಾಲಮ್ಮಿಗೆ ಸೇರಿಸು ಅಂದರು ನಮ್ಮ ಗೈಡ್ ಸರ್. ಹಾಗಾದರೆ ರಾಜಿಯಲ್ಲೇ ಮುಗಿದ ಅಪ್ಪನ ಮುರಿದ ಕಾಲೂ ಅಲ್ಲಿಗೇ ಹೋಗಬೇಕು. ಸೇರಿಸುವುದಿಲ್ಲ ಅಂದೆ.

ಈಗ ಮುಖ್ಯ ಮಾತು. ಹೋದ ವಾರ ಹುಮನಾಬಾದಿನಲ್ಲಿ ಹತ್ತನೆಯ ಮನೆ ಯಾರದೆಂದು ಬಾಗಿಲು ತೆರೆದ ಮೇಲೆ ಗೊತ್ತಾಯಿತು. ಹೆಸರು ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ. ಅವನ ಹಾಳೆ ನಂಬರು ನಲವತ್ತೇಳು. ಅಪ್ಪನ ದೂರು ತೆಗೆದುಕೊಳ್ಳದೆ ರಾಜಿ ಬರೆಸಿದ ಆ ಜಮಾದಾರ, ಈಗ ನಿವೃತ್ತ. ಮುರಿದ ಕಾಲಿನ ಅಪ್ಪನನ್ನು ‘ಸಾಹೇಬರು ಬಂದಿಲ್ಲ, ಕುಂದ್ರು’ ಎಂದು ಎರಡು ದಿನ ಠಾಣೆಯ ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದವನು. ನೀರು ಕೇಳಿದರೆ ಕೊಡದವನು. ಅಪ್ಪ ಸಹಿ ಮಾಡಲೊಪ್ಪದಿದ್ದಾಗ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದವನು. ಅಪ್ಪನ ಜೊತೆ ಇದ್ದ ನೀನೇ ಅಲ್ಲವೆ ಮನೆಗೆ ಬಂದು ನಮಗೆ ಹೇಳಿದ್ದು?

ನಾನು ಯಾರೆಂದು ಅವನು ಕೇಳಲಿಲ್ಲ. ಯುನಿವರ್ಸಿಟಿಯ ಮೇಡಂ ಎಂದು ಕಪ್ಪು-ಬಸಿಯಲ್ಲಿ ಚಹಾ ಕೊಟ್ಟ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಹೆಮ್ಮೆಯಿಂದ ಮಾತಾಡಿದ. ‘ನಾ ಇರೋತನ ಒಂದೂ ಜಾತಿ ಕೇಸ್ ದಾಖಲ್ ಆಗ್ಲಿಲ್ರಿ ಮೇಡಂ. ಎಲ್ಲಾ ರಾಜಿ. ಒಬ್ಬ ಕಾಲು ಮುರದ ಮುದುಕ ಭಾಳ ಹಟ ಹಿಡದಿದ್ದ. ಬಿಸಲಾಗ ಕುಂದ್ರಿಸ್ದೆ, ಮೆತ್ತಗಾದ. ಹೆಬ್ಬಟ್ಟು ಬಿತ್ತು.’ ನಾನು ಪೆನ್ನು ನಿಲ್ಲಿಸಲಿಲ್ಲ, ಅಣ್ಣ. ಅಕ್ಷರಕ್ಕಕ್ಷರ ಬರೆದುಕೊಂಡೆ.

ಒಪ್ಪಿಗೆ ಪತ್ರದ ಪ್ರತಿ ಕೊಟ್ಟು ಬಂದಿದ್ದೆ. ಅದರ ಕೆಳಗೆ ನನ್ನ ಪೂರ್ತಿ ಹೆಸರಿತ್ತು: ಆಮ್ರಪಾಲಿ ವೈಜಿನಾಥ, ಅಪ್ಪನ ಹೆಸರು, ಊರು ಸಮೇತ. ಸಂಜೆಯೊಳಗೆ ಅವನ ಫೋನ್ ಬಂತು. ಹೇಳಿಕೆ ವಾಪಸ್ ಬೇಕಂತೆ. ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು ಎಂದು ಆ ಪತ್ರದಲ್ಲಿಯೇ ಇದೆ. ನಾನೇ ಓದಿ ಹೇಳಿದ್ದೆ. ಆಗಲಿ, ನಮ್ಮ ಮನೆಗೆ ಬಂದು ಬರೆದುಕೊಡಿ ಅಂದೆ.

ಮರುದಿನವೇ ಎರಡು ಬಸ್ಸು ಬದಲಿಸಿ ಬಂದ. ‘ಸಾಹೇಬ್ರು ಬಂದಿಲ್ಲ, ಕುಂದ್ರಿ’ ಎಂದು ಅಂಗಳದ ಕಲ್ಲು ತೋರಿಸಿದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕುಳಿತ. ಅವ್ವ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ನೀರು ಕೇಳಿದ. ತಂಬಿಗೆ ತಂದು ಮುಂದಿಟ್ಟಳು. ‘ನಮ್ಮನಿ ನೀರದ. ನಡೀತದೇನು ನೋಡ್ಕೋರಿ’ ಎಂದಳು. ಅತ್ತಿತ್ತ ನೋಡಿ, ಕುಡಿದ.

ಟ್ರಂಕಿನಿಂದ ಅಪ್ಪನ ರಾಜಿ ಪತ್ರದ ನಕಲು ತೆಗೆದು ಅದನ್ನೇ ಓದಿ ಬರೆಸಿದೆ. ‘ನನ್ನ ಮೇಲೆ ಯಾರ ಒತ್ತಡವೂ ಇಲ್ಲ. ಸ್ವಖುಷಿಯಿಂದ ವಾಪಸ್ ಪಡೆಯುತ್ತಿದ್ದೇನೆ. ಮುಂದೆ ಯಾವ ತಕರಾರೂ ಇಲ್ಲ.’ ಅವನದೇ ಮಾತು, ಗುರುತು ಹಿಡಿದ. ಸಹಿಗೆ ಪೆನ್ನು ಊರಿದ. ಮಸಿಯ ಡಬ್ಬಿ ಮುಂದೆ ತಳ್ಳಿದೆ.

‘ನನಗ ಸಹಿ ಬರ್ತದಲ್ಲವ್ವಾ’ ಅಂದ.

‘ನಮ್ಮಪ್ಪಗೂ ಬರ್ತಿತ್ತು’ ಅಂದೆ.

ಒತ್ತಿದ. ಅವನೆದುರೇ ನಲವತ್ತೇಳನೇ ಹಾಳೆ ಹರಿದೆ. ನಿಯಮ ನಿಯಮವೇ. ಅವನು ಬೆರಳನ್ನು ಗೋಡೆಗೆ ಒರೆಸಲು ಹೋದಾಗ ಅವ್ವ, ‘ಗ್ವಾಡಿಗಿ ಹಚ್ಚಬ್ಯಾಡ್ರಿ, ಹಂಗೇ ಹೋಗ್ರಿ’ ಎಂದಳು. ಕ್ಷಮಿಸಿದೆಯಾ ಎಂದು ಕೇಳಬೇಡ. ಇಲ್ಲ. ಅವನು ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಕೂರಿಸುತ್ತೇನೆ.

ವೈನಿಗೆ ನಮಸ್ಕಾರ ಹೇಳು. ನಿನ್ನ ಮಗ ಸಂಘರತ್ನ ಅಜ್ಜನ ಹಾಗೆ ಮೆರವಣಿಗೆಯ ಮುಂದೆ ತಲೆಯೆತ್ತಿ ನಡೆಯುವಷ್ಟು ಗಟ್ಟಿಯಾಗಿ ಬೆಳೆಯಲಿ.

ನಿನ್ನ ತಂಗಿ
ಆಮ್ರಪಾಲಿ

ತಾಜಾಕಲಂ: ಹಾಳೆ ಹರಿದೆ. ಅದರಲ್ಲಿದ್ದ ಒಂದು ಮಾತನ್ನು ಹರಿಯಲಾಗಲಿಲ್ಲ. ಆ ಮುದುಕನ ಕೈ ನೀವೇ ಹಿಡಿದು ಒತ್ತಿಸಿದಿರಾ ಎಂದು ಅವತ್ತು ಅವನ ಮನೆಯಲ್ಲಿ ಕೇಳಿದ್ದೆ. ನಕ್ಕ. ‘ನಾ ಯಾಕ ಮುಟ್ಲಿ ಅವನ್ನ? ಮಗ ಇದ್ನಲ್ರಿ. ಪೊಲೀಸ್ ಸೆಲೆಕ್ಷನ್ ಆಗಿತ್ತು ಅವಂದು. ಕೇಸ್ ನಡದ್ರ ನಿನ್ನ ವೆರಿಫಿಕೇಶನ್ ಹ್ಯಾಂಗ ಬರೀಲಿ ಅಂದೆ. ಅವನೇ ಅಪ್ಪನ ಹೆಬ್ಬಟ್ಟು ಹಿಡದು ಒತ್ತಿಸ್ದ.’

ಸುಳ್ಳಿರಬೇಕೆಂದು ಎರಡು ದಿನ ಒದ್ದಾಡಿದೆ. ಆಮೇಲೆ ಅವತ್ತಿನ ನಿನ್ನ ಬಿಳಿ ಅಂಗಿ ನೆನಪಾಯಿತು. ತೋಳಿನ ನೀಲಿ ಮಸಿಯನ್ನು ಅವ್ವ ಮೂರು ಸಲ ಒಗೆದಿದ್ದಳು. ಸಾಯುವವರೆಗೂ ಅಪ್ಪ ಆ ದಿನದ ಮಾತೆತ್ತಲಿಲ್ಲ. ಯಾರ ಮಾನ ಕಾಯುತ್ತಿದ್ದನೆಂದು ಈಗ ತಿಳಿಯಿತು.

ಅವ್ವನಿಗೆ ನಾನು ಹೇಳಿಲ್ಲ. ನೀನೇ ಬಂದು ಹೇಳಬೇಕು. ಈ ಭಾನುವಾರ ಬಾ, ಖಾಕಿಯಲ್ಲೇ ಬಾ. ಅಂಗಳದ ಕಲ್ಲು ಖಾಲಿ ಇದೆ. ಹೊಸ ಹಾಳೆಯ ಮೇಲೆ ನಲವತ್ತೇಳು ಎಂದು ಬರೆದಿಟ್ಟಿದ್ದೇನೆ. ಇದನ್ನು ವಾಪಸ್ ಪಡೆಯಲು ಬರುವುದಿಲ್ಲ.