ಕೀ ಕೊಟ್ಟವರು ಯಾರು

ಗೋಪಾಳ, ಶಿವಮೊಗ್ಗ
14-11-1999, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಮಧುಶ್ರೀಯ ನಮಸ್ಕಾರ. ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಣಂತಿಗೂ ಕೂಸಿಗೂ ಹಚ್ಚುವುದರಲ್ಲೇ ಬಾಟಲಿ ಖಾಲಿಯಾಯಿತೋ? ಕವನ ಪಥ್ಯದ ಊಟಕ್ಕೆ ಮುಖ ಸಿಂಡರಿಸಿದರೆ ಗದರಬೇಡಿ. ಪುಟ್ಟಿ ಹುಟ್ಟಿದಾಗ ನಾನೂ ಹಾಗೇ ಮಾಡಿದ್ದೆ, ನೀವು ನನ್ನನ್ನು ಗದರಲಿಲ್ಲ. ಹರಪನಹಳ್ಳಿಯ ನೀರು ನಿಮಗೆ ಒಗ್ಗಿದೆಯೇ? ನಾವು ಇಲ್ಲಿ ಚೆನ್ನಾಗಿದ್ದೇವೆ. ನಾನು ಬರುವವರೆಗೆ ಪುಟ್ಟಿಯನ್ನು ಪಕ್ಕದ ಮನೆ ಚಿನ್ನಮ್ಮ ನೋಡಿಕೊಳ್ಳುತ್ತಾರೆ. ಅವರ ಮನೆಯ ಅನ್ನ ಸಾರು ತಿಂದು ತಿಂದು, ನಾನು ಮಾಡಿದ್ದಕ್ಕೆ ಈಗ ಉಪ್ಪು ಕಮ್ಮಿ ಅನ್ನುತ್ತಾಳೆ. ಇವರ ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳ ಸೀಸನ್ ಶುರುವಾಗಿದೆ. ಬೆರಳಿನ ಮಸಿ ಹೋಗುವುದೇ ಇಲ್ಲ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕವನ ಕೊಟ್ಟಿರುವುದು ಎದುರಿನ ಅಂಗಡಿಯವರ ನಂಬರು. ನೀವು ಅಲ್ಲಿ ನಿಂತುಕೊಂಡು "ಹಾಂ? ಏನಂದೆ?" ಅಂತ ಕೂಗಿದರೆ ನನ್ನ ಆಫೀಸಿನ ಕಥೆ ಇಡೀ ಬೀದಿಗೆ ಗೊತ್ತಾಗುತ್ತದೆ. ಅದಕ್ಕೇ ನೀವು ಓದಲು ಸುಲಭವಾಗಲೆಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ನೀವೇ ಓದಿ, ಅಳಿಯಂದಿರ ಕೈಲಿ ಓದಿಸಬೇಡಿ.

ಬಸ್ಸು ಹತ್ತುವಾಗ ನೀವು ನನ್ನ ಕೈ ಹಿಡಿದು, "ಆ ಮ್ಯಾನೇಜರ್ ಏನಾದ್ರೂ ಅನ್ಲಿ, ನೀನು ಹೂಂ ಅನ್ಕೊಂಡು ಬಾ. ಕೆಲಸ ಮುಖ್ಯ ಕಣಮ್ಮ," ಅಂದಿರಿ. ನಾನು ಹಾಗೇ ಮಾಡಿದೆ ಅತ್ತೆ. ಹಬ್ಬದವರೆಗೂ ಹೂಂ ಅನ್ನುತ್ತಲೇ ಬಂದೆ. ಉಮಾಮಹೇಶ್ವರ ಮ್ಯಾನೇಜರಾಗಿ ಬಂದ ಮೇಲೆ ನಮ್ಮ ಸ್ಕೂಟರ್ ಷೋರೂಮು ಮೊದಲಿನ ಹಾಗಿಲ್ಲ ಅಂತ ನಿಮಗೆ ಗೊತ್ತೇ ಇದೆ. ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಕರೆದು ಟೀ ಕೊಡಿಸುತ್ತಾರೆ, ಇನ್ನೊಬ್ಬರ ವಿಷಯ ಕೇಳುತ್ತಾರೆ. ಟೀ ಕುಡಿದು ಬಂದವರ ಮುಖ ನೋಡಿ ನಾವೆಲ್ಲ ಮಾತು ನಿಲ್ಲಿಸುತ್ತೇವೆ. ನಾನೂ ಸರ್ವಿಸ್ ಕೌಂಟರಿನ ಸೀತಾಳೂ ನಗುನಗುತ್ತಾ ಮಾತಾಡುತ್ತೇವೆ ಅಂತ ಮೇಜುಗಳನ್ನೇ ತಿರುಗಿಸಿ ಹಾಕಿಸಿದರು. ಮೊದಲ ಸರ್ವಿಸಿಗೆ ಬರದ ಗಿರಾಕಿಗಳಿಗೆ ಒಂದೊಂದು ಕಾರ್ಡು ಹಾಕೋಣ ಅಂತ ನಾನು ಹೇಳಿದಾಗ, "ನೀನು ಬಿಲ್ ಬರೆಯಮ್ಮ ಸಾಕು," ಅಂದವರು, ಆಮೇಲೆ ಅದನ್ನೇ ತಮ್ಮ ಯೋಚನೆ ಅಂತ ಸಾಹುಕಾರರಿಗೆ ಹೇಳಿದರು. ಆಯುಧಪೂಜೆಯ ದಿನ ಸಾಹುಕಾರ್ ಯೋಗರಾಜರು ಎಲ್ಲರ ಮುಂದೆ ಅವರಿಗೆ ಹಾರ ಹಾಕಿದಾಗ ನಾನೂ ಚಪ್ಪಾಳೆ ತಟ್ಟಿದೆ. ಅಂದು ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಿದ್ದನ್ನು ನೀವೇ ನೋಡಿದಿರಲ್ಲ.

ಈಗ ನಡೆದದ್ದು ಅಂಥ ಸಣ್ಣ ವಿಷಯವಲ್ಲ. ದೀಪಾವಳಿ ಪಾಡ್ಯದ ದಿನ ಕೊಡಬೇಕಾದ ಗಾಡಿಗಳಲ್ಲಿ ಒಂದೇ ಬಣ್ಣದವು ಎರಡಿದ್ದವು. ಒಂದು ಒಬ್ಬ ಕಂಟ್ರಾಕ್ಟರರದು, ಮ್ಯಾನೇಜರಿಗೆ ಬೇಕಾದವರು. ಇನ್ನೊಂದು ಈಶ್ವರಪ್ಪ ಅಂತ ಒಬ್ಬ ಮೇಷ್ಟ್ರದು. ಕಂಟ್ರಾಕ್ಟರು ಮುಹೂರ್ತ ಮೀರುತ್ತದೆ ಅಂತ ಬೆಳಿಗ್ಗೆಯೇ ಅವಸರ ಮಾಡಿದರು. ನಾನೂ ಸೀತಾಳೂ ನಂಬರು ತಾಳೆ ನೋಡುವಷ್ಟರಲ್ಲಿ ಮ್ಯಾನೇಜರು ತಾವೇ ಬೋರ್ಡಿನಿಂದ ಕೀ ತೆಗೆದು ಅವರ ಕೈಗೆ ಕೊಟ್ಟು, ಗಾಡಿಗೆ ಕುಂಕುಮ ಹಚ್ಚಿ ಕಳಿಸಿಬಿಟ್ಟರು. ಹೋದದ್ದು ಮೇಷ್ಟ್ರ ಗಾಡಿ. ಸಂಜೆ ಉಳಿದದ್ದು ಮೇಷ್ಟ್ರಿಗೆ ಹೋಯಿತು. ಹಬ್ಬದ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಬುಧವಾರ ಪೊಲೀಸರು ಮೇಷ್ಟ್ರನ್ನು ನಿಲ್ಲಿಸಿ ನೋಡಿದರೆ ಕಾಗದದಲ್ಲಿರುವ ಇಂಜಿನ್ ನಂಬರೇ ಬೇರೆ, ಗಾಡಿಯದೇ ಬೇರೆ. ಸಂಜೆಯವರೆಗೆ ಠಾಣೆಯ ಮುಂದೆ ನಿಲ್ಲಿಸಿಕೊಂಡರಂತೆ. ಅವರು ನೇರ ಷೋರೂಮಿಗೆ ಬಂದು, "ಪಾಠ ಹೇಳಿದ ಮಕ್ಕಳ ಎದುರಿಗೆ ನನ್ನನ್ನ ಕಳ್ಳನ ಥರ ನಿಲ್ಲಿಸಿಬಿಟ್ರಲ್ರೀ!" ಅಂತ ಕೂಗಿದರು. ಕೂಗುತ್ತಾ ಕಣ್ಣಲ್ಲಿ ನೀರು ಬಂತು ಅವರಿಗೆ. ಗಾಡಿ ಬದಲಿಸಿ ಕೊಟ್ಟದ್ದಾಯಿತು, ಆದರೆ ಆ ಅವಮಾನವನ್ನು ಬದಲಿಸಿ ಕೊಡಲಾಗುತ್ತದೆಯೇ? ಕೀ ಕೊಟ್ಟವರು ಯಾರು, ಅವರು ನಾಳೆಯಿಂದ ಇಲ್ಲಿ ಇರುವುದಿಲ್ಲ ಅಂತ ಸಾಹುಕಾರರು ಗುಡುಗಿದರು.

ಗುರುವಾರ ಬೆಳಿಗ್ಗೆ ನನಗೆ ಕ್ಯಾಬಿನ್ನಿನ ಟೀ ಬಂತು. "ಕೂತ್ಕೊಳ್ಳಿ ಮೇಡಂ," ಅಂದರು ಮ್ಯಾನೇಜರು. ಇಷ್ಟು ದಿನ "ಏಯ್ ಬಿಲ್ಲಿಂಗು, ಬಾರಮ್ಮ ಇಲ್ಲಿ" ಅನ್ನುತ್ತಿದ್ದವರು! ಭದ್ರಾವತಿಯಲ್ಲಿ ಬ್ರಾಂಚು ತೆರೆಯುತ್ತಾರಂತೆ, ಅದಕ್ಕೆ ಇನ್‌ಚಾರ್ಜ್ ಬೇಕಂತೆ. "ನಿಮ್ಮ ಹೆಸರು ನಾನು ಹೇಳ್ತೀನಿ. ನೀವು ಸಾಹುಕಾರ್ರ ಹತ್ರ ಒಂದೇ ಒಂದ್ ಮಾತು ಹೇಳಿ. ಸೀತಾ ಕೀ ಕೊಟ್ಟಿದ್ದನ್ನ ನಾನು ನೋಡ್ದೆ ಅಂತ. ಅಷ್ಟೇ." ಟೀ ಮುಟ್ಟದೆ ಎದ್ದು ಬಂದೆ.

ಮಧ್ಯಾಹ್ನ ಊಟಕ್ಕೆ ನಾವಿಬ್ಬರೂ ಹಿಂದೆ ಗಾಡಿ ತೊಳೆಯುವ ಕಡೆ ಕೂರುತ್ತೇವೆ. ಡಬ್ಬಿ ತೆರೆಯುವ ಮೊದಲೇ ಎಲ್ಲ ಹೇಳಿಬಿಟ್ಟೆ. "ನಿನ್ ಹೆಸರು ಹೇಳು ಅಂತಿದಾನೆ ಮಾರಾಯ್ತಿ. ಹುಷಾರಾಗಿರು. ನಾನಂತೂ ಹೇಳಲ್ಲ." ಸೀತಾ ಡಬ್ಬಿ ಪಕ್ಕಕ್ಕೆ ಸರಿಸಿದಳು. ನಾನು ಅವಳು ಹೆದರಿದಳು ಅಂದುಕೊಂಡೆ. ಆಮೇಲೆ ನೆಲ ನೋಡುತ್ತಾ ಅಂದಳು: "ನಾನು ನಿನ್ನೆ ಸಂಜೆನೇ ನಿನ್ ಹೆಸರು ಹೇಳಿಬಿಟ್ಟೆ ಕಣೇ. ಸಾಹುಕಾರ್ರ ಮುಂದೆನೇ." ಅವಳ ಗಂಡನ ಫ್ಯಾಕ್ಟರಿ ಕೆಲಸ ಹೋಗಿ ವರ್ಷವಾಗಿದೆ. ಹೇಳದಿದ್ದರೆ ತಪ್ಪು ನಿನ್ನ ತಲೆಗೇ ಬರುತ್ತದೆ, ಇವತ್ತೇ ಮನೆಗೆ ಹೋಗು ಅಂದರಂತೆ ಮ್ಯಾನೇಜರು. ಶುಕ್ರವಾರ ಬಂದು ತೀರ್ಮಾನ ಮಾಡುತ್ತೇನೆ ಅಂದಿದ್ದರಂತೆ ಸಾಹುಕಾರರು.

ಅತ್ತೆ, ಮ್ಯಾನೇಜರ ಮೇಲೆ ಬರದಷ್ಟು ಸಿಟ್ಟು ನನಗೆ ಅವಳ ಮೇಲೆ ಬಂತು. ಎರಡು ವರ್ಷ ಒಂದೇ ಕಡೆ ಕೂತು ಉಂಡವರು ನಾವು. ಅವಳು ಏನೋ ಹೇಳಲು ಬಂದಳು, ನಾನು ಡಬ್ಬಿ ಮುಚ್ಚಿಕೊಂಡು ಎದ್ದೆ. ಸಂಜೆ ಸಿಟಿ ಬಸ್ಸಿನಲ್ಲಿ ನಮ್ಮ ಸ್ಟಾಪು ದಾಟಿ ಕೊನೆಯ ಸ್ಟಾಪಿನವರೆಗೂ ಹೋಗಿಬಿಟ್ಟೆ. ಕಂಡಕ್ಟರು "ಏನಮ್ಮಾ, ಇಳಿಯಲ್ವಾ?" ಅಂದಾಗಲೇ ಎಚ್ಚರ. ನಡೆದುಕೊಂಡು ವಾಪಸು ಬರುವಾಗ ಯೋಚನೆ ಸ್ವಲ್ಪ ತಿಳಿಯಾಯಿತು. ಅವಳು ನನ್ನ ಹೆಸರು ಹೇಳಿಯಾಗಿದೆ. ಇನ್ನು ನಾನು ಅವಳ ಹೆಸರು ಹೇಳಿದರೆ, ಇದು ಇಬ್ಬರು ಹೆಂಗಸರ ಜಗಳ ಅಂತ ಸಾಹುಕಾರರು ಇಬ್ಬರನ್ನೂ ಕಳಿಸುತ್ತಾರೆ. ಮ್ಯಾನೇಜರು ನನ್ನಿಂದಲೂ ಅವಳ ಹೆಸರು ಹೇಳಿಸಲು ನೋಡಿದ್ದು ಅದಕ್ಕೇ. ಕೀ ಕೊಟ್ಟ ಕೈ ಮಾತ್ರ ಅದೇ ಕುರ್ಚಿಯಲ್ಲಿ ಕೂತಿರುತ್ತದೆ. ಮನೆಗೆ ಬಂದು ಇವರಿಗೆ ಹೇಳಿದೆ. "ಬಿಟ್ಟುಬಿಡು ಆ ಕೆಲಸ. ಎಲ್ಲಾದ್ರೂ ಬೇರೆ ನೋಡೋಣ," ಅಂದರು. ನನ್ನ ಮೇಲಿನ ಪ್ರೀತಿಯಿಂದಲೇ ಅಂದದ್ದು. ಆದರೆ ತಪ್ಪು ಮಾಡದವಳು ನಾನು. ಬಿಟ್ಟು ಹೋದರೆ ಮಾಡಿದ್ದೆ ಅಂತ ಒಪ್ಪಿಕೊಂಡ ಹಾಗಲ್ಲವೇ? ಬೇರೆ ಕಡೆಯೂ ಒಬ್ಬ ಉಮಾಮಹೇಶ್ವರ ಇರುವುದಿಲ್ಲ ಅಂತ ಯಾರು ಹೇಳುತ್ತಾರೆ?

ಶುಕ್ರವಾರ ಸಾಹುಕಾರರು ಬಂದು ಮ್ಯಾನೇಜರ ಜೊತೆ ಕ್ಯಾಬಿನ್ನಿನಲ್ಲಿ ಕೂತಿದ್ದರು. ಒಬ್ಬರೇ ಸಿಗುವವರೆಗೆ ಕಾಯಬಹುದಿತ್ತು. ಬೇಡ, ಹಿಂದಿನಿಂದ ಹೇಳುವುದು ಅವರ ಪದ್ಧತಿ, ನನಗೆ ಬೇಡ ಅನಿಸಿತು. ಬಾಗಿಲು ತಟ್ಟಿ ಒಳಗೆ ಹೋದೆ. "ಸರ್, ಅವತ್ತು ಕೀ ಕೊಟ್ಟಿದ್ದು ನಾನಲ್ಲ, ಸೀತಾನೂ ಅಲ್ಲ. ಮ್ಯಾನೇಜರ್ ಸರ್ ಕೊಟ್ಟಿದ್ದು. ಅವರ ಎದುರಿಗೇ ಹೇಳ್ತಿದೀನಿ," ಅಂದೆ. ಮ್ಯಾನೇಜರು ನಕ್ಕರು. "ನೋಡಿದ್ರಾ ಸರ್? ಸಿಕ್ಕಿಬಿದ್ದ ಮೇಲೆ ನನ್ ಮೇಲೆ ಹಾಕ್ತಾರೆ ಅಂತ ನಾನು ಮೊದ್ಲೇ ಹೇಳಿರ್ಲಿಲ್ವಾ?" ಸಾಹುಕಾರರು ಕನ್ನಡಕ ತೆಗೆದು, "ಸೀತಾ ಬೇರೆ ಥರ ಹೇಳಿದ್ಲಲ್ಲಮ್ಮ," ಅಂದರು. "ಅವಳನ್ನೇ ಕರೀರಿ ಸರ್," ಅಂದೆ. ಹೇಳುವಾಗ ಅವಳ ಮೇಲೆ ನನಗೆ ನಂಬಿಕೆ ಇತ್ತು ಅಂದುಕೊಳ್ಳಬೇಡಿ. ಇರಲಿಲ್ಲ.

ಸೀತಾ ಬಂದು ಬಾಗಿಲಲ್ಲೇ ನಿಂತಳು. ಮ್ಯಾನೇಜರು ಅವಳನ್ನೇ ನೋಡುತ್ತಿದ್ದರು. ನಾನು ಅವಳ ಮುಖ ನೋಡಲಿಲ್ಲ, ನೋಡಿದರೆ ಕಣ್ಣಲ್ಲೇ ಬೇಡಿಕೊಂಡಂತಾಗುತ್ತದೆ ಅಂತ. ಕೊನೆಗೆ, "ಹೆದರಿಕೊಂಡು ಹೇಳ್ದೆ ಸರ್. ಮಧು ಅಲ್ಲ," ಅಂದಳು. ಹಾಗಾದರೆ ಯಾರು ಅಂತ ಸಾಹುಕಾರರು ಎರಡು ಸಲ ಕೇಳಿದರೂ ಆ ಹೆಸರು ಅವಳ ಬಾಯಿಂದ ಬರಲಿಲ್ಲ. "ಇಬ್ರೂ ಮಾತಾಡ್ಕೊಂಡು ಬಂದಿದಾರೆ ಸರ್," ಅಂದರು ಮ್ಯಾನೇಜರು. ಆಗ ನಾನೇ ಅಂದೆ, "ಸರ್, ಕೀ ಇಸ್ಕೊಂಡವರನ್ನೇ ಕೇಳಬಹುದಲ್ಲ?" ಸಾಹುಕಾರರು ಒಂದು ಕ್ಷಣ ನನ್ನನ್ನೇ ನೋಡಿ ಕಂಟ್ರಾಕ್ಟರಿಗೆ ಫೋನ್ ಹಚ್ಚಿದರು. ಆ ಮನುಷ್ಯನಿಗೆ ಏನೂ ಗೊತ್ತಿಲ್ಲ ಪಾಪ, ಗಟ್ಟಿ ದನಿಯಲ್ಲಿ ಹೇಳಿದ್ದು ನಮಗೂ ಕೇಳಿಸಿತು: "ನಿಮ್ಮ ಮ್ಯಾನೇಜರ್ರೇ ಕೊಟ್ರಲ್ಲ ಸ್ವಾಮಿ, ಕುಂಕುಮನೂ ಅವರೇ ಹಚ್ಚಿದ್ರು!"

ಇಷ್ಟಾದ ಮೇಲೆ ಮ್ಯಾನೇಜರನ್ನು ತೆಗೆದುಹಾಕಿದರು ಅಂತ ಬರೆಯಲು ನನಗೂ ಆಸೆ. ಇಲ್ಲ. ಅವರು ಸಾಹುಕಾರರ ಹೆಂಡತಿಯ ಕಡೆಯ ನೆಂಟರು. ಸಾಹುಕಾರರು ನಮ್ಮನ್ನು ಹೊರಗೆ ಕಳಿಸಿ ಒಳಗೆ ಏನೋ ಬೈದರು, ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳಿ ಬರಬೇಕು ಅಂದರು. ನಿನ್ನೆ ಹೋಗಿ ಕೇಳಿಯೂ ಬಂದರಂತೆ. ಆಮೇಲೆ ಸಾಹುಕಾರರು ನನ್ನೊಬ್ಬಳನ್ನೇ ಕರೆದು, "ಇಲ್ಲಿ ಇನ್ಮೇಲೆ ನಿನಗೆ ಕಷ್ಟ ಆಗುತ್ತೆ. ಭದ್ರಾವತಿ ಬ್ರಾಂಚು ನೀನೇ ನೋಡ್ಕೋ," ಅಂದರು. ಇದು ಬಹುಮಾನವೋ, ಕಣ್ಣೆದುರಿಗೆ ಇರಬೇಡ ಅಂತ ದೂರ ಕಳಿಸುವುದೋ ನನಗೆ ಈಗಲೂ ಗೊತ್ತಿಲ್ಲ. ಯಾವುದೇ ಆಗಲಿ, ಮಾಡಿ ತೋರಿಸುತ್ತೇನೆ. ಆದರೆ ಬಾಯಿ ಮುಚ್ಚಿಕೊಂಡು ಒಪ್ಪಲಿಲ್ಲ. "ನನ್ನ ಕೆಲಸದ ಲೆಕ್ಕ ನಿಮಗೇ ಒಪ್ಪಿಸ್ತೀನಿ ಸರ್, ಮ್ಯಾನೇಜರಿಗಲ್ಲ. ನನ್ನ ಜೊತೆ ಇರೋರನ್ನ ನಾನೇ ಆರಿಸ್ಕೋತೀನಿ," ಅಂದೆ. ಗದ್ದ ಕೆರೆದುಕೊಂಡು ಕೂತವರು, ಕೊನೆಗೆ "ಆಯ್ತಮ್ಮ" ಅಂದರು.

ಡಿಸೆಂಬರ್ ಮೊದಲ ದಿನದಿಂದ ಭದ್ರಾವತಿಗೆ ಹೋಗುತ್ತೇನೆ. ಬೆಳಿಗ್ಗೆ ಬೇಗ ಹೊರಡಬೇಕು, ಬರುವುದು ಕತ್ತಲಾಗುತ್ತದೆ. ಪುಟ್ಟಿಯ ತಲೆ ಬಾಚಿ ಸ್ಕೂಲಿಗೆ ಕಳಿಸುವುದು ತಮ್ಮದು ಅಂತ ಇವರು ಒಪ್ಪಿಕೊಂಡಿದ್ದಾರೆ. ಜಡೆ ಹೇಗೆ ಬರುತ್ತದೋ ದೇವರೇ ಬಲ್ಲ. ನೀವು ನಮಗೋಸ್ಕರ ಅವಸರ ಮಾಡಿ ಬರಬೇಡಿ, ಕವನಳ ಬಾಣಂತನ ಪೂರ್ತಿ ಮುಗಿಸಿಯೇ ಬನ್ನಿ. ನಿಮ್ಮ ಮಾತು ಮೀರಿದೆ ಅಂತ ಬೇಜಾರಾಗಿದ್ದರೆ ಬಂದ ಮೇಲೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಆದರೆ ಮತ್ತೆ ಅಂಥ ಸಮಯ ಬಂದರೆ ಮತ್ತೆ ಹಾಗೇ ಹೇಳುತ್ತೇನೆ ಅತ್ತೆ.

ಕವನಳಿಗೂ ಅಳಿಯಂದಿರಿಗೂ ನನ್ನ ನೆನಪು ತಿಳಿಸಿ. ಹೊಸ ಕೂಸಿಗೆ ಮುತ್ತು. ನಿಮ್ಮ ಆಶೀರ್ವಾದ ಈ ಸಲ ನನಗೆ ಸ್ವಲ್ಪ ಜಾಸ್ತಿ ಬೇಕು.

ಇಂತಿ ನಿಮ್ಮ ಸೊಸೆ,
ಮಧುಶ್ರೀ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹಿಂಜರಿದೆ. ಭದ್ರಾವತಿಗೆ ನಾನು ಆರಿಸಿಕೊಂಡಿರುವುದು ಸೀತಾಳನ್ನು. ನಿಮ್ಮ ಮಗನಿಗೆ ಹೇಳಿದ್ದೇ ತಡ, "ನಿನಗೇನು ತಲೆ ಕೆಟ್ಟಿದೆಯಾ?" ಅಂತ ನಿನ್ನೆಯಿಂದ ಮುಖ ಊದಿಸಿಕೊಂಡಿದ್ದಾರೆ. ಅವಳು ನನ್ನ ಹೆಸರು ಹೇಳಿದ್ದು ನಿಜ, ಆ ನೋವು ಇನ್ನೂ ಹೋಗಿಲ್ಲ. ಆದರೆ ನಾನು ಏನೂ ಕೇಳದೆ ಇದ್ದರೂ, ಹೇಳಿದ್ದನ್ನು ನನ್ನ ಮುಖಕ್ಕೇ ಒಪ್ಪಿಕೊಂಡವಳು ಆ ಆಫೀಸಿನಲ್ಲಿ ಅವಳೊಬ್ಬಳೇ. ಅವಳನ್ನು ಅಲ್ಲೇ ಬಿಟ್ಟರೆ ಮ್ಯಾನೇಜರು ತಿಂಗಳೂ ಇರಗೊಡುವುದಿಲ್ಲ. ಬ್ರಾಂಚಿನ ಕೆಲಸಕ್ಕಾಗಿ ಇನ್ನು ಭಾನುವಾರಗಳಲ್ಲಿ ಅವಳು ನಮ್ಮ ಮನೆಗೆ ಬರುತ್ತಾಳೆ. ನೀವು ಮುಖ ತಿರುಗಿಸಬೇಡಿ. ಒಂದು ಲೋಟ ಕಾಫಿ ಕೊಡಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ. ಈ ವಿಷಯ ನಿಮ್ಮ ಮಗನಿಗೆ ನೀವೇ ನಾಲ್ಕು ಸಾಲು ಬರೆಯಿರಿ. ನಿಮ್ಮ ಮಾತಾದರೆ ಕೇಳುತ್ತಾರೆ.